ಅತ್ತಿ ಮೀನು ತಿಂದದ್ದು

ನಮ್ಮ ಮನೆಯಲ್ಲಿ ಮೀನಿನ ಸಾರಿನ ಉಪ್ಪು ನೋಡುವ ಕೆಲಸ ನನ್ನದಾಗಿತ್ತು. ಭಾನುವಾರ ಬೆಳಿಗ್ಗೆ ಅಪ್ಪ ಪುಣೆಯ ಖಡಕಿ ಬಜಾರಿಗೆ ಹೋಗಿ ಮೀನು ತರುತ್ತಿದ್ದ. ಅವ್ವ ಹಿತ್ತಲಿನ ನಲ್ಲಿಯ ಬಳಿ ಕೂತು ಅದನ್ನು ಹೆಚ್ಚಿ ತೊಳೆಯುತ್ತಿದ್ದಳು. ಅಪ್ಪನ ಅಕ್ಕ ಸುಮಿತ್ರಾ, ಅಂದರೆ ನನ್ನ ಅತ್ತಿ, ಒರಳುಕಲ್ಲಿನ ಮುಂದೆ ಕೂತು ಕಾಯಿ, ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ ಬೀಜ ಎಲ್ಲ ಸೇರಿಸಿ ಬೆಣ್ಣೆಯಂತೆ ರುಬ್ಬುತ್ತಿದ್ದಳು. ಸಾರು ಕುದಿ ಬಂದಾಗ ಸೌಟಿನ ತುದಿಯಲ್ಲಿ ಒಂದಿಷ್ಟು ತೆಗೆದು, ಊದಿ, ನನ್ನ ಅಂಗೈಗೆ ಹಾಕುತ್ತಿದ್ದಳು.

“ವಂದೂ, ಉಪ್ಪ ನೋಡು.”

ನಾನು ನೆಕ್ಕಿ ತೀರ್ಪು ಕೊಡುತ್ತಿದ್ದೆ. ಸಾಕು, ಇನ್ನೊಂದು ಚಿಟಿಕೆ ಬೇಕು, ಹುಳಿ ಮುಂದಾಗಿದೆ. ಅತ್ತಿ ನನ್ನ ಮಾತನ್ನು ದೊಡ್ಡವರ ಮಾತಿನಂತೆ ಕೇಳುತ್ತಿದ್ದಳು. ಏಳು ವರ್ಷದ ಹುಡುಗಿಯನ್ನು ಇನ್ನಾರೂ ಹಾಗೆ ಕೇಳುತ್ತಿರಲಿಲ್ಲವಾದ್ದರಿಂದ ನಾನು ಬಹಳ ಜಂಬದಿಂದ ಆ ಕೆಲಸ ಮಾಡುತ್ತಿದ್ದೆ. ನಮ್ಮ ಸಾಲಿನ ಕ್ವಾರ್ಟರ್ಸಿನ ಮರಾಠಿ ಹೆಂಗಸರು ಏನಾದರೊಂದು ನೆಪ ಮಾಡಿಕೊಂಡು ಬಟ್ಟಲು ಹಿಡಿದು ಬರುತ್ತಿದ್ದರು. ಅಂಥ ಸಾರು ಅದು. ಅದನ್ನು ಮಾಡುವ ಅತ್ತಿ ಮಾತ್ರ ವರ್ಷಗಳಿಂದ ಅದರ ಒಂದು ಹನಿಯನ್ನೂ ನಾಲಿಗೆಗೆ ತಾಗಿಸಿರಲಿಲ್ಲ. ಕುದಿಯುವ ಸದ್ದು ಕೇಳಿ, ಹಬೆ ಮೂಸಿ ಅಡುಗೆ ಮಾಡುತ್ತಿದ್ದಳು. ಮೂಗಿಗೂ ಕಿವಿಗೂ ಉಪ್ಪು ತಿಳಿಯುವುದಿಲ್ಲ. ಅದಕ್ಕಾಗಿ ನಾನು ಬೇಕಾಗಿದ್ದೆ.

ಅತ್ತಿಯ ಗಂಡ ಹುಬ್ಬಳ್ಳಿಯಲ್ಲಿ ಕಾಮಣಿ ಬೇನೆಯಾಗಿ ತೀರಿಕೊಂಡಿದ್ದರು. ಮಕ್ಕಳಿರಲಿಲ್ಲ. ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದಳು. ನಮ್ಮ ಮನೆಯವರ ಮೂಲ ಕಾರವಾರದ ಕಡೆಯದಂತೆ. ಘಟ್ಟ ಹತ್ತಿ ಹುಬ್ಬಳ್ಳಿ ಸೇರಿ ಮಾತೆಲ್ಲ ಅಲ್ಲಿಯದಾಗಿತ್ತು, ಆದರೆ ಮೀನು ಬಿಟ್ಟಿರಲಿಲ್ಲ, ತಾಯಿಯನ್ನು ಆಯಿ ಎನ್ನುವುದನ್ನೂ ಬಿಟ್ಟಿರಲಿಲ್ಲ. ಅಪ್ಪ, ಅತ್ತಿ ಕರೆಯುವುದನ್ನು ಕೇಳಿ ನಾನೂ ಅಜ್ಜಿಯನ್ನು ಆಯಿ ಎಂದೇ ಕರೆದೆ. ಇನ್ನೊಂದು ನಿಯಮವನ್ನೂ ಅವರು ಘಟ್ಟದ ಕೆಳಗಿನಿಂದ ಹೊತ್ತು ತಂದಿದ್ದರು. ಗಂಡ ಸತ್ತ ಹೆಂಗಸು ಮೀನು ತಿನ್ನಬಾರದು. ಬೇಯಿಸಬಹುದು, ಬಡಿಸಬಹುದು, ಉಳಿದವರ ಎಂಜಲು ತಟ್ಟೆಯಿಂದ ಮುಳ್ಳು ಆರಿಸಿ ಚೆಲ್ಲಬಹುದು. ಆಯಿ ಕೂಡ ಗಂಡನನ್ನು ಕಳೆದುಕೊಂಡವಳೇ, ಇಪ್ಪತ್ತು ವರ್ಷದ ಹಿಂದೆ. ಅವಳು ಬಿಟ್ಟಿದ್ದಳು, ಹಾಗಾಗಿ ಮಗಳೂ ಬಿಟ್ಟಳು.

ಕಾರ್ಖಾನೆಯವರು ಕೊಟ್ಟ ಕ್ವಾರ್ಟರ್ಸಿನಲ್ಲಿ ಒಂದರ ಹಿಂದೊಂದು ಮೂರು ಕೋಣೆಗಳಿದ್ದವು. ಮುಂದಿನದರಲ್ಲಿ ಆಯಿಯ ಮಂಚ, ಅಪ್ಪನ ಕುರ್ಚಿ. ನಡುವಿನದರಲ್ಲಿ ನಾವೆಲ್ಲ ಮಲಗುತ್ತಿದ್ದೆವು. ಹಿಂದಿನದು ಅಡುಗೆಮನೆ. ಬೆಳಿಗ್ಗೆ ಕಾರ್ಖಾನೆಯ ಭೋಂಗಾ ಕೂಗಿದರೆ ಮುಂಬಾಗಿಲಿನ ಗಾಜು ಸಣ್ಣಗೆ ನಡುಗುತ್ತಿತ್ತು. ಮುಂದಿನ ಕೋಣೆಯ ಮಂಚದ ಮೇಲೆ ಕೂತರೆ ಅಡುಗೆಮನೆಯ ಒಲೆಯವರೆಗೂ ನೇರವಾಗಿ ಕಾಣುತ್ತಿತ್ತು, ಮತ್ತು ಆಯಿ ಯಾವಾಗಲೂ ಅಲ್ಲಿಯೇ ಕೂಡುತ್ತಿದ್ದಳು. ಅಡುಗೆಮನೆಯಲ್ಲಿ ಮೀನಿನ ಪಾತ್ರೆಗಳಿಗೆ ಬೇರೆ ಗೂಡು. ಭಾನುವಾರ ಮೊದಲು ಆಯಿಗೂ ತನಗೂ ಬೇಳೆ ಸಾರು, ಪಲ್ಯ ಮಾಡಿ ಮುಚ್ಚಿಟ್ಟು, ಆಮೇಲೆ ಅತ್ತಿ ಮೀನಿಗೆ ಕೈ ಹಚ್ಚುತ್ತಿದ್ದಳು. ನಮಗೆ ಬಡಿಸಿದ ನಂತರ ತಲೆಯ ಮೇಲೆ ನೀರು ಹೊಯ್ದುಕೊಳ್ಳದೆ ಅವಳು ಉಣ್ಣುವಂತಿರಲಿಲ್ಲ. ಪುಣೆಯ ಜನವರಿಯ ಚಳಿಯಲ್ಲೂ ಒದ್ದೆ ಕೂದಲಿಗೆ ಪಂಚೆ ಸುತ್ತಿಕೊಂಡು, ಗೋಡೆಯ ಪಕ್ಕ ಕೂತು, ಆರಿದ ಬೇಳೆ ಉಣ್ಣುತ್ತಿದ್ದ ಅವಳ ಬೆನ್ನು ನನಗೆ ಈಗಲೂ ಕಾಣುತ್ತದೆ.

ಒಂದು ದಿನ ಕೇಳಿದೆ.

“ಅತ್ತಿ, ನೀ ಯಾಕ ಮೀನ ತಿನ್ನಂಗಿಲ್ಲ?”

“ನಿಮ್ಮ ಮಾಮಾ ಹೋದ್ರಲ್ಲ, ಅದಕ್ಕ.”

“ಮಾಮಾ ಹೋದ್ರ ಮೀನ ಏನ್ ಮಾಡ್ತು?”

ಮುಂದಿನ ಕೋಣೆಯಿಂದ ಆಯಿಯ ದನಿ ಬಂತು.

“ಆ ಹುಡುಗಿ ನಾಲಗಿ ಭಾಳ ಉದ್ದ ಆಗೇದ ನೋಡ್ರಿ.”

ಆ ಮಾತನ್ನು ನನಗೆ ಆಮೇಲೂ ಬಹಳ ಜನ ಹೇಳಿದ್ದಾರೆ. ಶಾಲೆಯಲ್ಲಿ ಹೇಳಿದ್ದಾರೆ, ಗಂಡನ ಮನೆಯಲ್ಲಿ ಹೇಳಿದ್ದಾರೆ, ಆಫೀಸಿನಲ್ಲಿ ಬೇರೆ ಶಬ್ದಗಳಲ್ಲಿ ಹೇಳಿದ್ದಾರೆ. ಉದ್ದ ಇದೆ, ಹೌದು. ಅದನ್ನು ಗಿಡ್ಡ ಮಾಡಿಕೊಳ್ಳುವ ಆಸೆ ನನಗೆ ಯಾವತ್ತೂ ಬರಲಿಲ್ಲ. ಅವತ್ತು ಅತ್ತಿ ನಕ್ಕಿದ್ದಳು, ಸೆರಗನ್ನು ಬಾಯಿಗೆ ಒತ್ತಿಕೊಂಡು, ಆಯಿಗೆ ಕಾಣದ ಹಾಗೆ.

ನಾನು ಐದನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅಪ್ಪನಿಗೆ ಕಾರ್ಖಾನೆಯಿಂದ ಪ್ರವಾಸದ ರಜೆ ಸಿಕ್ಕಿತು. ಅಪ್ಪನ ಜೊತೆ ಉಗ್ರಾಣದಲ್ಲಿ ಕೆಲಸ ಮಾಡುತ್ತಿದ್ದವರೊಬ್ಬರು ಕೊಂಕಣದ ದಾಪೋಲಿಯ ಕಡೆಯವರು. ಹರ್ಣೈ ಬಂದರಿಗೆ ಹೋಗಿ, ಅಲ್ಲಿ ತಿಂದ ಮೇಲೆ ಈ ಖಡಕಿಯ ಮಂಜುಗಡ್ಡೆಯ ಮೀನನ್ನು ನೀವು ಮೂಸಿಯೂ ನೋಡುವುದಿಲ್ಲ ಎಂದು ಅವರು ಅಪ್ಪನ ತಲೆಗೆ ತುಂಬಿದರು. ಸಮುದ್ರ ನೋಡುವುದು ಅಂತ ಆಯಿಯನ್ನೂ ಒಪ್ಪಿಸಿದ್ದಾಯಿತು. ಸ್ವಾರಗೇಟಿನಿಂದ ಕೆಂಪು ಬಸ್ಸು. ಭೋರ ದಾಟಿ ಘಾಟಿನ ತಿರುವು ಶುರುವಾದಾಗ ನಾನು ಕಿಟಕಿಯ ಹೊರಗೆ ಎರಡು ಸಲ ವಾಂತಿ ಮಾಡಿದೆ, ಆಯಿ ಒಂದು ಸಲ. ಆಯಿಯ ಹಣೆ ಒತ್ತಿ ಹಿಡಿದುಕೊಂಡವಳು ಅತ್ತಿಯೇ.

ಹರ್ಣೈ ಮುಟ್ಟಿ, ಆ ಸಹೋದ್ಯೋಗಿಯ ನೆಂಟರ ಮನೆಯ ಒಂದು ಕೋಣೆಯಲ್ಲಿ ಗಂಟು ಇಳಿಸಿ, ಸಂಜೆ ದಂಡೆಗೆ ಹೋದೆವು. ದೋಣಿಗಳು ಆಳದಲ್ಲೇ ನಿಂತಿದ್ದವು. ಎತ್ತಿನ ಗಾಡಿಗಳು ನೀರಿಗಿಳಿದು, ಎತ್ತುಗಳ ಹೊಟ್ಟೆಯವರೆಗೂ ತೆರೆ ಹೊಡೆಯುತ್ತಿರಲು, ಬುಟ್ಟಿಗಟ್ಟಲೆ ಮೀನು ಹೊತ್ತು ತರುತ್ತಿದ್ದವು. ಮರಳಿನ ಮೇಲೆ ರಾಶಿ ಸುರಿದು ಸವಾಲು ಕೂಗುತ್ತಿದ್ದರು. ಕಚ್ಚೆ ಬಿಗಿದ ಹೆಂಗಸರ ದನಿಯ ಮುಂದೆ ಸಮುದ್ರದ ದನಿ ಸಣ್ಣದಾಗಿತ್ತು. ಆಯಿ ದೂರದ ಕಟ್ಟೆಯ ಮೇಲೆ ಮೂಗು ಮುಚ್ಚಿಕೊಂಡು ಕೂತಳು. ಅತ್ತಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನೇರವಾಗಿ ಆ ಗದ್ದಲದೊಳಗೆ ನಡೆದಳು. ಎಲ್ಲಿ ಹೋದರೂ ಬಾಗಿಲ ಹಿಂದೆ ನಿಲ್ಲುವ ಹೆಂಗಸು ಅವಳು. ಅಲ್ಲಿ ಒಂದೊಂದು ರಾಶಿಯ ಮುಂದೆ ಬಗ್ಗಿ, ಕಿವಿರು ಎತ್ತಿ ನೋಡಿ, ಬೆರಳಿನಿಂದ ಒತ್ತಿ ನೋಡಿ ನಡೆದಳು.

“ವಂದೂ, ಕಣ್ಣ ಹ್ಯಾಂಗ ಹೊಳೀತಾವ ನೋಡ. ನಮ್ಮ ಖಡಕಿಗೆ ಬರೂದ್ರಾಗ ಇವಕ್ಕೆಲ್ಲಾ ಪೊರಿ ಬಂದಿರ್ತದ.”

ದಂಡೆಯ ಮೇಲೆಯೇ ತಾಡಪತ್ರಿ ಕಟ್ಟಿದ ಒಂದು ಗೂಡಿನಲ್ಲಿ ಊಟ ಸಿಗುತ್ತಿತ್ತು. ಎರಡು ಬೆಂಚು, ಒಂದು ಒಲೆ, ಒಂದು ಕಪ್ಪು ಹೆಂಚು. ಏನಿದೆ ಎಂದು ಅಪ್ಪ ಕೇಳಿದರೆ ಆ ಗೂಡಿನವನು ಸಮುದ್ರದ ಕಡೆ ಕೈ ತೋರಿಸಿದ. ಬಂಗಡೆಗೆ ಬರೀ ಉಪ್ಪು, ಅರಿಸಿನ, ಖಾರ ಹಚ್ಚಿ ಹೆಂಚಿಗೆ ಹಾಕಿದ. ಅದರ ಚರ್ಮ ಸಿಡಿದು ಒಳಗಿನ ಎಣ್ಣೆಯಲ್ಲೇ ಅದು ಬೇಯಿತು. ಅಷ್ಟು ಸಿಹಿಯಾದ ಮೀನನ್ನು ನಾನು ಅದುವರೆಗೂ ತಿಂದಿರಲಿಲ್ಲ. ಎದುರಿನ ಬೆಂಚಿನ ಮೇಲೆ ಆಯಿ ಮತ್ತು ಅತ್ತಿ ಬಾಳೆಹಣ್ಣು, ಗ್ಲೂಕೋಸ್ ಬಿಸ್ಕಿಟು ತಿನ್ನುತ್ತಿದ್ದರು. ಅವನ ಬಳಿ ಮೀನಿಲ್ಲದ್ದು ಅನ್ನವೊಂದೇ, ಅದನ್ನೂ ಮೀನಿನ ಸೌಟಿನಿಂದಲೇ ಬಡಿಸುತ್ತಿದ್ದ. ಖಡಕಿಯಲ್ಲಿ ಅತ್ತಿ ನಾವು ಉಣ್ಣುವಾಗ ಅಡುಗೆಮನೆಯಲ್ಲಿರುತ್ತಿದ್ದಳು, ನಾನು ಅವಳ ಮುಖ ನೋಡುತ್ತ ಉಂಡದ್ದೇ ಇಲ್ಲ. ಅವತ್ತು ನೋಡಿದೆ. ಅವಳು ನನ್ನ ತಟ್ಟೆ ನೋಡುತ್ತಿರಲಿಲ್ಲ. ಬಹಳ ಕಷ್ಟಪಟ್ಟು ಬೇರೆಲ್ಲೋ ನೋಡುತ್ತಿದ್ದಳು.

ಮರುದಿನ ಮಧ್ಯಾಹ್ನ ಬೇಳೆ ಅನ್ನ ಸಿಗುವ ಜಾಗ ಹುಡುಕುತ್ತ ಅಪ್ಪ ಓಣಿ ಓಣಿ ಅಲೆದ. ಮೀನುಗಾರರ ಕೇರಿಯ ಒಂದು ಮನೆಯ ಬಾಗಿಲಿಗೆ ಸುಣ್ಣದಲ್ಲಿ “ಘರಗುತಿ ಜೇವಣ” ಎಂದು ಬರೆದಿತ್ತು, ಅಂದರೆ ಮನೆ ಊಟ. ಸಗಣಿ ಸಾರಿಸಿದ ಪಡಸಾಲೆಯಲ್ಲಿ ಚಾಪೆ ಹಾಸಿ ಊಟಕ್ಕೆ ಹಾಕುತ್ತಿದ್ದವಳು ಐವತ್ತರ ಸುಮಾರಿನ ಗಟ್ಟಿ ಹೆಂಗಸು. ಎಲ್ಲರೂ ಅವಳನ್ನು ಮಾವಶಿ ಎನ್ನುತ್ತಿದ್ದರು. ಅವಳು ನಮ್ಮನ್ನು ಎಣಿಸಿ ಐದು ತಟ್ಟೆ ಇಟ್ಟಳು. ಆಯಿ ಎರಡು ತಟ್ಟೆಗಳನ್ನು ಹಿಂದೆ ಸರಿಸಿ, ತನಗೆ ಬರುತ್ತಿದ್ದ ಅಲ್ಪಸ್ವಲ್ಪ ಮರಾಠಿಯಲ್ಲಿ, ನಮಗಿಬ್ಬರಿಗೂ ನಡೆಯುವುದಿಲ್ಲ ಎಂದಳು.

ಮಾವಶಿ ಆಯಿಯ ಬೋಳು ಹಣೆ ನೋಡಿದಳು, ಅತ್ತಿಯ ಬೋಳು ಹಣೆ ನೋಡಿದಳು. ಅವಳ ಹಣೆಯೂ ಬೋಳೇ. ಗಂಡ ಸಮುದ್ರಕ್ಕೆ ಹೋದವನು ಬರಲೇ ಇಲ್ಲ, ಆರು ವರ್ಷವಾಯಿತು, ಎಂದಳು. ನೀವು ಮೀನು ಬಿಡಲಿಲ್ಲವೇ ಎಂದು ಆಯಿ ಕೇಳಿದಾಗ ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಜೋರಾಗಿ ನಕ್ಕಳು. ನಾನು ತಿನ್ನದಿದ್ದರೆ ನಿನ್ನೆಯದ್ದು ಯಾವುದು ಇವತ್ತಿನದ್ದು ಯಾವುದು ಎಂದು ಹೇಗೆ ತಿಳಿಯಬೇಕು, ನಿಮಗೆಲ್ಲ ಹೊಟ್ಟೆ ಕೆಡುತ್ತದೆ, ಎಂದಳು. ಆಮೇಲೆ ಅತ್ತಿಗೆ ತೊಗರಿ ಬೇಳೆ, ಒಂದು ತೊಳೆದ ಪಾತ್ರೆ, ಇನ್ನೊಂದು ಒಲೆ ತೋರಿಸಿ, ನಿಮ್ಮದನ್ನು ನೀವೇ ಮಾಡಿಕೊಳ್ಳಿ, ಅಂದಳು.

ಅತ್ತಿ ಬೇಳೆ ಬೇಯಲು ಇಟ್ಟು ಮಾವಶಿಯ ಒಲೆಯನ್ನೇ ನೋಡುತ್ತ ಕೂತಳು. ನಾನು ಬಾಗಿಲಲ್ಲಿ ನಿಂತಿದ್ದೆ. ಮಾವಶಿ ಸಾರಿಗೆ ಹುಣಸೆಯ ಬದಲು ಕೋಕಂ ಹಾಕಿದಳು, ನಾಲಿಗೆ ಜುಮ್ಮೆನ್ನಿಸುವ ತಿರಫಳವೆಂಬ ಪುಟ್ಟ ಕಾಯಿಗಳನ್ನು ಜಜ್ಜಿ ಹಾಕಿದಳು. ಅತ್ತಿ ತನ್ನ ಮುರುಕು ಮರಾಠಿಯಲ್ಲಿ ಯಾಕೆ, ಎಷ್ಟು, ಯಾವಾಗ ಎಂದು ಕೇಳುತ್ತಲೇ ಇದ್ದಳು. ಇಬ್ಬರು ಅಡುಗೆಯವರ ಮಾತು ಹಾಗೆಯೇ, ಅರ್ಧ ಭಾಷೆ ಸಾಕು. ಸಾರು ಕುದಿಯಿತು. ಮಾವಶಿ ಕೈ ತುಂಬ ಅಕ್ಕಿ ಹಿಟ್ಟು ಮಾಡಿಕೊಂಡು ಭಾಕರಿ ತಟ್ಟುತ್ತಿದ್ದಳು. ಹಾಗಾಗಿ ಏನೂ ಯೋಚಿಸದೆ, ಪಕ್ಕದಲ್ಲಿದ್ದವರಿಗೆ ಯಾರಾದರೂ ಹೇಳುವ ಹಾಗೆ ಹೇಳಿದಳು.

“ಮೀಠ ಬಘಾ, ತಾಈ.”

ಉಪ್ಪು ನೋಡು ಅಕ್ಕಾ ಎಂದು. ಅತ್ತಿ ಸೌಟಿನಿಂದ ಒಂದಿಷ್ಟು ಅಂಗೈಗೆ ಹಾಕಿಕೊಂಡಳು. ಅಂಗೈ ನೋಡಿದಳು. ನನ್ನನ್ನು ನೋಡಿದಳು. ನಾನು ಎಂದಿನಂತೆ ಕೈ ಮುಂದೆ ಮಾಡಿದೆ. ಅವಳು ಕೊಡಲಿಲ್ಲ. ಊದಿದಳು, ನೆಕ್ಕಿದಳು, ಕಣ್ಣು ಮುಚ್ಚಿದಳು.

“ಉಪ್ಪ ಸರಿ ಅದ,” ಅಂದಳು. ಮಾವಶಿಗೆ ಕನ್ನಡ ಬರುವುದಿಲ್ಲ ಎಂಬುದು ಅವಳಿಗೆ ಮರೆತೇ ಹೋಗಿತ್ತು.

ಆಮೇಲೆ ಎದ್ದು ಕೈ ತೊಳೆದು ಪಡಸಾಲೆಗೆ ಬಂದು, ಆಯಿ ಹಿಂದೆ ಸರಿಸಿದ್ದ ತಟ್ಟೆಗಳಲ್ಲಿ ಒಂದನ್ನು ಎಳೆದುಕೊಂಡು ಅವ್ವನ ಪಕ್ಕ ಕೂತಳು. ಮಾವಶಿ ಬಡಿಸಿದಳು. ಅಕ್ಕಿ ಭಾಕರಿ, ಬಂಗಡೆಯ ಸಾರು, ರವೆ ಹಚ್ಚಿ ಕರಿದ ಸುರಮಾಯಿ ಮೀನಿನ ಒಂದು ತುಂಡು, ತೆಂಗಿನ ಹಾಲಿಗೆ ಕೋಕಂ ಹಿಂಡಿದ ಸೋಲಕಢಿ. ಅತ್ತಿ ಬಂಗಡೆಗೆ ಕೈ ಹಾಕಿದಳು. ಎಂಟು ವರ್ಷವಾಗಿದ್ದರೂ ಬೆರಳಿಗೆ ಮರೆತಿರಲಿಲ್ಲ. ನಡುಮುಳ್ಳನ್ನು ಒಂದೇ ಎಳೆತಕ್ಕೆ ಬಿಡಿಸಿ ಬದಿಗಿಟ್ಟಳು.

ಆಯಿ ಎದ್ದಳು. ಹೊರಗೆ ಹೋಗಿ ಬಾವಿಯ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತಳು.

“ಅಕ್ಕಾ,” ಅಂದ ಅಪ್ಪ. ಅವನ ಕೈಯಲ್ಲಿದ್ದ ಭಾಕರಿ ಅಲ್ಲೇ ಇತ್ತು. “ಅಕ್ಕಾ, ಆಯಿ...”

“ಆಯಿಗೆ ಬ್ಯಾಳಿ ಮಾಡಿಟ್ಟೇನಿ. ಕರದು ಬಡಸು,” ಅಂದಳು ಅತ್ತಿ, ತಟ್ಟೆಯಿಂದ ತಲೆ ಎತ್ತದೆ.

ಒಬ್ಬ ಹೆಂಗಸು ಮೀನು ತಿಂದಳು, ಅಷ್ಟೇ ತಾನೆ, ಎಂದು ನಾನು ಈ ಕತೆ ಹೇಳಿದಾಗ ಒಬ್ಬರು ಕೇಳಿದರು. ಹೌದು, ಅಷ್ಟೇ. ಅವರ ತಟ್ಟೆಯಿಂದ ಯಾರೂ ಯಾವತ್ತೂ ಏನನ್ನೂ ಎತ್ತಿಕೊಂಡಿರಲಿಲ್ಲ, ಹಾಗಾಗಿ ಅವರಿಗೆ ಅದು ಅಷ್ಟೇ.

ಇನ್ನೂ ಎರಡು ದಿನ ಅಲ್ಲಿದ್ದೆವು. ಆ ಎರಡು ದಿನ ಅತ್ತಿ ನನ್ನ ಕೈ ಹಿಡಿದುಕೊಂಡು ಹರ್ಣೈಯ ಒಂದು ಒಲೆಯನ್ನೂ ಬಿಡಲಿಲ್ಲ. ದೀಪಸ್ತಂಭದ ದಾರಿಯಲ್ಲಿ ಒಬ್ಬ ಮುದುಕಿ ತಿಸ್ರೆ ಚಿಪ್ಪುಗಳನ್ನು ಕಾಯಿ ಹಾಕಿ ಬೇಯಿಸಿ ಎಲೆಯಲ್ಲಿ ಕೊಡುತ್ತಿದ್ದಳು. ನಾವು ಚಿಪ್ಪಿನಿಂದಲೇ ಚಿಪ್ಪಿನ ಮಾಂಸ ಗೋರಿ ತಿಂದೆವು. ಬಸ್ ನಿಲ್ದಾಣದ ಬಳಿ ಸೈಕಲ್ ರಿಪೇರಿಯವನ ಹೆಂಡತಿ ಬೊಂಬಿಲ್ ಮೀನನ್ನು ಕಲ್ಲಿನ ಕೆಳಗೆ ಒತ್ತಿ ನೀರು ಹಿಂಡಿ ಗರಿಗರಿಯಾಗಿ ಕರಿಯುತ್ತಿದ್ದಳು. ಬೋರ್ಡು ಇಲ್ಲ, ಹೆಸರು ಇಲ್ಲ, ವಾಸನೆ ಹಿಡಿದು ಹೋಗಬೇಕು. ಎಲ್ಲ ಕಡೆ ಅತ್ತಿ ತಿಂದಳು, ಬೈದಳು, ಹೊಗಳಿದಳು, ಕಲಿತಳು. ಅತ್ತಿಗೆ ಇಷ್ಟು ಮಾತು ಬರುತ್ತದೆ ಎಂದು ನನಗೆ ತಿಳಿದಿರಲಿಲ್ಲ. ನನಗೆ ಉಪ್ಪು ನೋಡುವ ಕೆಲಸ ಹೋಯಿತು, ಅದಕ್ಕೆ ಸ್ವಲ್ಪ ಬೇಜಾರೂ ಆಯಿತು. ಸುಳ್ಳು ಯಾಕೆ ಹೇಳಲಿ.

ವಾಪಸು ಬರುವ ಬಸ್ಸಿನಲ್ಲಿ ಆಯಿ ಮೊದಲ ಸಲ ಬಾಯಿ ಬಿಟ್ಟಳು.

“ಆದದ್ದು ಆತು. ದಂಡೀ ಮ್ಯಾಲಿಂದು ದಂಡೀ ಮ್ಯಾಲೇ ಬಿಟ್ಟ ಬಂದ್ವಿ ಅಂತ ತಿಳ್ಕೋತೇನಿ. ಮನ್ಯಾಗ ಇದು ನಡಿಯಂಗಿಲ್ಲ, ಸುಮಿತ್ರಾ.”

ಅತ್ತಿ ಉತ್ತರ ಕೊಡಲಿಲ್ಲ. ಆಯಿ ಅದನ್ನು ಒಪ್ಪಿಗೆ ಎಂದುಕೊಂಡಳು.

ಭಾನುವಾರ ಬಂತು. ಅಪ್ಪ ಬಜಾರಿನಿಂದ ಮೀನು ತಂದ. ಅವ್ವ ತೊಳೆದು ತಂದಿಟ್ಟಳು. ಅತ್ತಿ ತಾನು ಮತ್ತು ಆಯಿ ಉಣ್ಣುವ ಬೇಳೆ ಇಳಿಸಿ, ಕೈ ಒರೆಸಿಕೊಂಡು, ಬಂದು ನಡುವಿನ ಕೋಣೆಯಲ್ಲಿ ಕೂತಳು.

“ಸುಮಿತ್ರಾ, ಮೀನ?” ಎಂದಳು ಆಯಿ ಮಂಚದಿಂದ.

“ನಾ ಉಣ್ಣಲಾರದ್ದನ್ನ ಇನ್ನ ಮ್ಯಾಲೆ ನಾ ಮಾಡಂಗಿಲ್ಲ.”

“ಎಂಟ ವರ್ಷ ಮಾಡೀಯಲ್ಲ?”

“ಮಾಡೇನಿ. ಸಾಕಾತು.”

ಜಗಳ ನಾನು ಅಂದುಕೊಂಡಂತೆ ಗಟ್ಟಿ ದನಿಯಲ್ಲಿ ಆಗಲಿಲ್ಲ. ಅತ್ತಿ ದನಿ ಏರಿಸಲೇ ಇಲ್ಲ. ಅವತ್ತು ಅವ್ವ ಸಾರು ಮಾಡಿದಳು. ಮಸಾಲೆ ಹಸಿಯಾಗಿತ್ತು, ಮೀನು ಕದಡಿ ಹೋಗಿತ್ತು. ಎರಡನೆಯ ಭಾನುವಾರ ಅದಕ್ಕಿಂತ ಕೆಟ್ಟದಾಗಿತ್ತು. ಅವ್ವ ಬೇಕಂತಲೇ ಕೆಡಿಸಿದಳೇ ಎಂದು ದೊಡ್ಡವಳಾದ ಮೇಲೆ ಕೇಳಿದ್ದೆ. ಅವಳು ನನಗೆ ಇಂದಿಗೂ ಉತ್ತರ ಕೊಟ್ಟಿಲ್ಲ. ಮೂರನೆಯ ಭಾನುವಾರ ಅವ್ವ ಮೀನನ್ನು ತೊಳೆದು ಅತ್ತಿಯ ಪಕ್ಕ ಬಂದು ಕೂತುಬಿಟ್ಟಳು. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಆಯಿಯ ಎದುರು ಅವಳು ಒಂದು ಪೂರ್ತಿ ವಾಕ್ಯ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ಅಕ್ಕಾರ ಉಣ್ಣಂಗಿಲ್ಲಂದ್ರ ನನಗೂ ಬ್ಯಾಡ್ರಿ ಆಯಿ.”

“ನನಗೂ ಬ್ಯಾಡ,” ಎಂದೆ ನಾನು. ನನಗೆ ಬೇಕಾಗಿತ್ತು, ಬಹಳ ಬೇಕಾಗಿತ್ತು. ಆದರೂ ಅಂದೆ.

ಅಪ್ಪ ಕೆಟ್ಟವನಲ್ಲ. ತಾಯಿಯ ಮಾತು ಮೀರುವುದು ಅವನಿಂದ ಆಗುತ್ತಿರಲಿಲ್ಲ, ಅಷ್ಟೇ. ಮೀನನ್ನು ಚೀಲದಲ್ಲಿ ಹಾಕಿಕೊಂಡು ಪಕ್ಕದ ಮನೆಗೆ ಕೊಟ್ಟು ಬಂದ.

ಅವತ್ತು ಮಧ್ಯಾಹ್ನ ಆಯಿ ಟ್ರಂಕು ತುಂಬಿದಳು. ಹುಬ್ಬಳ್ಳಿಗೆ, ತಂಗಿಯ ಮನೆಗೆ ಹೋಗುತ್ತೇನೆ, ಈ ಹೊಲಸು ನೋಡಿಕೊಂಡು ಇರಲಾರೆ ಎಂದಳು. ಅಪ್ಪನಿಗೆ ಕಾತ್ರಜಕ್ಕೆ ಹೋಗುವ ರಿಕ್ಷಾ ತರಲು ಹೇಳಿದಳು, ಅಲ್ಲಿಂದ ಹುಬ್ಬಳ್ಳಿಯ ಬಸ್ಸು. ಅಪ್ಪ ಅಂಗಿ ತೊಟ್ಟ, ಬಿಚ್ಚಿದ, ಮತ್ತೆ ತೊಟ್ಟ. ಆಯಿ ಮುಂದಿನ ಮೆಟ್ಟಿಲ ಮೇಲೆ ಟ್ರಂಕಿನ ಪಕ್ಕ ಕೂತಳು. ಸಾಲಿನ ಹೆಂಗಸರೆಲ್ಲ ಬಟ್ಟೆ ಒಣಗಿಸುವ ನೆಪದಲ್ಲಿ ಹೊರಗೆ ಬಂದು ನಿಂತರು. ಅತ್ತಿ ಚಹಾ ಮಾಡಿ ತಂದು ತಾಯಿಯ ಪಕ್ಕ ಇಟ್ಟು, ತಾನೂ ಮೆಟ್ಟಿಲ ಮೇಲೆ ಕೂತಳು. ನಾನು ಬಾಗಿಲ ಸಂದಿಯಲ್ಲಿದ್ದೆ, ಹಾಗಾಗಿ ಎಲ್ಲ ಕೇಳಿಸಿತು.

“ನೀ ಯಾಕ ಹೋಗ್ತೀ ಆಯಿ. ನಿನಗ ದಿನಾ ಮದ್ಲ ನಿನ್ನ ಬ್ಯಾಳಿ ಮಾಡ್ತೇನಿ, ಬ್ಯಾರೆ ಭಾಂಡ್ಯಾದಾಗ. ಅದರಾಗ ಏನೂ ಬದಲಾಗೂದಿಲ್ಲ. ಆದರ ನನ್ನ ತಾಟು ನಾ ಬಿಡಂಗಿಲ್ಲ.”

ಆಯಿ ಲೋಟ ಮುಟ್ಟಲಿಲ್ಲ. ಚಹಾ ಕೆನೆಗಟ್ಟಿತು. ಆಮೇಲೆ ಅವಳು ಆಡಿದ ಮಾತು ಸಿಟ್ಟಿನದಾಗಿರಲಿಲ್ಲ. ಆಯಿಯ ಆ ದನಿಯನ್ನು ನಾನು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

“ಇಪ್ಪತ್ತ ವರ್ಷ ಆತು ಸುಮಿ, ನಾ ಬಿಟ್ಟು. ನನಗೇನ ಆಶಿ ಇರಲಿಲ್ಲಂತ ತಿಳದೀಯೇನು? ಈಗ ನೀ ತಿಂದ್ರ, ನಾ ಬಿಟ್ಟದ್ದೆಲ್ಲಾ ಏನಾತು? ಸುಮ್ಮನ ಬಿಟ್ಟಂಗ ಆತಲ್ಲ.”

“ನೀನೂ ತಿನ್ನು.”

“ಇಲ್ಲ.”

“ಹಂಗಂದ್ರ ನಿನ್ನ ಹಟ ನಿನಗ, ನನ್ನ ಹಟ ನನಗ,” ಅಂದಳು ಅತ್ತಿ. “ಚಹಾ ಕುಡಿ. ಆರೇದ.”

ಆಯಿ ಚಹಾ ಕುಡಿದಳು. ಟ್ರಂಕನ್ನು ಒಳಗೆ ತಂದವನು ಅಪ್ಪ. ಮುಂದಿನ ಭಾನುವಾರ ಅಡುಗೆಮನೆಯಿಂದ ಕೋಕಂ, ತಿರಫಳದ ಹೊಸ ವಾಸನೆ ಬಂತು. ಅತ್ತಿ ತಾನೇ ಉಪ್ಪು ನೋಡಿದಳು. ಬಡಿಸಿದ ಮೇಲೆ ತಲೆಗೆ ನೀರು ಹಾಕಿಕೊಳ್ಳಲು ಹೋಗದೆ ನಮ್ಮ ಜೊತೆಯೇ ಕೂತಳು. ಆಯಿ ತನ್ನ ಮಣೆಯನ್ನು ಗೋಡೆಯ ಕಡೆ ತಿರುಗಿಸಿಕೊಂಡು ಬೇಳೆ ಉಂಡಳು. ಆ ಮಣೆ ಹಾಗೆಯೇ ಉಳಿಯಿತು, ಪ್ರತಿ ಭಾನುವಾರ, ವರ್ಷಗಟ್ಟಲೆ. ನಮಗೆ ಅದೂ ರೂಢಿಯಾಯಿತು. ಗೆದ್ದೆವು ಎಂದು ಯಾರೂ ಕುಣಿಯಲಿಲ್ಲ. ತಾಯಿಯ ಬೆನ್ನು ನೋಡುತ್ತ ಉಣ್ಣುವುದು ಅತ್ತಿಗೆ ಸುಲಭವಾಗಿರಲಿಲ್ಲ. ಆದರೂ ಉಂಡಳು.

ನಾನು ಬೆಳೆದದ್ದು ಆ ಎರಡು ಹಟಗಳ ನಡುವೆ. ಕೆಲಸಕ್ಕೆ ಸೇರಿದ ಮೇಲೆ ಪ್ರತಿ ವರ್ಷ ಒಮ್ಮೆಯಾದರೂ ಅತ್ತಿಯನ್ನು ಕರೆದುಕೊಂಡು ಸಮುದ್ರಕ್ಕೆ ಹೋದೆ. ಗುಹಾಗರ, ಮಾಲವಣ, ಕೊನೆಗೆ ನಮ್ಮ ಹಿರಿಯರದೆನ್ನುವ ಕಾರವಾರ. ಬೋರ್ಡು ಇರುವ ಹೋಟೆಲಿಗೆ ಅವಳು ಕಾಲಿಡುತ್ತಿರಲಿಲ್ಲ. ಕಾರವಾರದಲ್ಲಿ ಒಬ್ಬ ದೋಣಿಯವನ ಮನೆಯ ಹಿತ್ತಲಲ್ಲಿ ಉಂಡ ಏಡಿಯ ಸಾರಿನ ವಿಷಯವನ್ನು ವರ್ಷವಿಡೀ ಮಾತಾಡಿದಳು. ಅಪ್ಪ ನಿವೃತ್ತನಾಗಿ ವಾಕಡದಲ್ಲಿ ಫ್ಲಾಟು ಕೊಂಡ ಮೇಲೆ, ಮೇಲಿನ ಮಹಡಿಯವರೊಬ್ಬರು ಬಂದು, ಲಿಫ್ಟಿನಲ್ಲೆಲ್ಲ ಮೀನಿನ ವಾಸನೆ ಬರುತ್ತದೆ, ಇಲ್ಲಿ ಮರ್ಯಾದಸ್ಥರಿದ್ದಾರೆ, ಎಂದರು. ನಾನೇ ಬಾಗಿಲಿಗೆ ಹೋದೆ. ಪ್ರತಿ ಭಾನುವಾರ ಹನ್ನೆರಡು ಗಂಟೆಗೆ ಬರುತ್ತದೆ, ನೀವು ಆ ಹೊತ್ತಿಗೆ ಮೆಟ್ಟಿಲು ಬಳಸಿ, ಎಂದು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದಲೇ ಹೇಳಿದೆ.

ಅಪ್ಪ ತೀರಿಕೊಂಡದ್ದು ಆ ಫ್ಲಾಟಿನಲ್ಲೇ, ಒಂದು ಬೆಳಿಗ್ಗೆ, ಪೇಪರು ಓದುತ್ತ. ಆಯಿ ಆಗಲೂ ಇದ್ದಳು. ಎಂಬತ್ತು ದಾಟಿದ್ದಳು, ಮಂಚ ಹಿಡಿದಿದ್ದಳು, ಮಗನ ಹೆಣವನ್ನು ಮಂಚದಿಂದಲೇ ನೋಡಿದಳು. ಕ್ರಿಯೆಗಳೆಲ್ಲ ಮುಗಿದ ಮೇಲೆ ಮನೆಯಲ್ಲಿ ಮತ್ತೆ ಮೀನು ಮಾಡಿ ಎಲ್ಲರೂ ಒಟ್ಟಿಗೆ ಉಣ್ಣುವುದು ನಮ್ಮಲ್ಲಿಯ ಪದ್ಧತಿ. ಸೂತಕ ಅಲ್ಲಿಗೆ ಮುಗಿಯಿತು ಎಂದು ಲೆಕ್ಕ. ಹುಬ್ಬಳ್ಳಿಯಿಂದ ಆಯಿಯ ತಂಗಿಯ ಮಗಳು ಬಂದಿದ್ದಳು. ಅತ್ತಿಗಿಂತ ನಾಲ್ಕಾರು ವರ್ಷ ಚಿಕ್ಕವಳು, ಮಾತು ಮಾತ್ರ ಆಯಿಗಿಂತ ಹಳೇ ಕಾಲದ್ದು. ಅತ್ತಿ ಐದಾರು ತಟ್ಟೆಗೆ ಬಡಿಸಿ ಅವ್ವನ ಮುಂದೆ ತಟ್ಟೆ ಇಡುತ್ತಿದ್ದಂತೆ ಅವಳು ಅಡ್ಡ ಬಂದಳು.

“ಅಯ್ಯ, ಲೀಲಾಗ ಬ್ಯಾಡ್ರಿ. ಆಕೀದು ಇನ್ನ ಮುಗೀತಲ್ಲ.”

ಲೀಲಾ ಎಂದರೆ ನನ್ನ ಅವ್ವ, ತಲೆ ತಗ್ಗಿಸಿ ಕೂತಿದ್ದಳು. ತಟ್ಟೆಯನ್ನು ಮುಟ್ಟಲಿಲ್ಲ, ದೂರ ಸರಿಸಲೂ ಇಲ್ಲ. ನನ್ನ ನಾಲಿಗೆಯ ತುದಿಗೆ ಬಂದದ್ದನ್ನು ಅತ್ತಿ ಕಣ್ಣಿನಿಂದಲೇ ತಡೆದಳು. ಹುಬ್ಬಳ್ಳಿಯವಳು ಆಯಿಯ ಮಂಚದ ಕಡೆ ತಿರುಗಿದಳು. ಈ ಮನೆಯಲ್ಲಿ ತನ್ನ ಪಕ್ಷದವಳು ಯಾರೆಂದು ಅವಳಿಗೆ ಗೊತ್ತಿತ್ತು.

“ದೊಡ್ಡವ್ವ, ನೀವರ ಹೇಳ್ರಿ. ನೀವು ಇಷ್ಟ ವರ್ಷ ನಡಸಿಕೊಂಡ ಬಂದೀರಿ.”

ಆಯಿ ಛಾವಣಿ ನೋಡುತ್ತ ಮಲಗಿದ್ದಳು. ಕಿವಿಗೆ ಕೇಳಿಸಿತೋ ಇಲ್ಲವೋ ಎಂದುಕೊಂಡೆವು. ಆಮೇಲೆ ಅವಳು ನಮ್ಮ ಕಡೆ ಮುಖ ತಿರುಗಿಸಿದಳು.

“ಅಡಗಿಮನಿ ಸುಮಿತ್ರಾಂದು,” ಅಂದಳು. “ಆಕೀನ್ನ ಕೇಳು.”

ಅಷ್ಟು ಹೇಳಿ ಕಣ್ಣು ಮುಚ್ಚಿಕೊಂಡಳು. ಅವಳು ತನ್ನ ನಿಯಮ ಬಿಡಲಿಲ್ಲ. ಅದಾಗಿ ಒಂದು ವರ್ಷಕ್ಕೆ ಸಾಯುವವರೆಗೂ ಮೀನು ಮುಟ್ಟಲಿಲ್ಲ. ಅವಳ ಬೇಳೆಯನ್ನು ಅತ್ತಿ ಕೊನೆಯ ದಿನದವರೆಗೂ ಬೇರೆ ಪಾತ್ರೆಯಲ್ಲೇ ಮಾಡಿದಳು.

ಹುಬ್ಬಳ್ಳಿಯವಳು ಅತ್ತಿಯನ್ನು ಏನೂ ಕೇಳಲಿಲ್ಲ. ಅತ್ತಿ ಅವ್ವನ ಪಕ್ಕ ನೆಲಕ್ಕೆ ಕೂತಳು. ಆಗ ಅವಳಿಗೆ ಮಂಡಿ ನೋವು, ಕೂಡಲು ಗೋಡೆ ಹಿಡಿಯಬೇಕಾಗಿತ್ತು. ಅವ್ವನ ತಟ್ಟೆಯ ಬಂಗಡೆಯ ಮುಳ್ಳನ್ನು ತಾನೇ ಬಿಡಿಸಿ, ಸಾರು ಅನ್ನ ಕಲಸಿ, ತಟ್ಟೆಯನ್ನು ಅವಳ ಹತ್ತಿರ ಸರಿಸಿದಳು. ಅವ್ವ ತುತ್ತು ಹಿಡಿದಳು. ಬಾಯಿಗೆ ಹೋಗಲಿಲ್ಲ.

“ಅವರಿಗೆ ಭಾಳ ಸೇರ್ತಿತ್ತರಿ ಅಕ್ಕಾರ,” ಅಂದಳು.

“ನಿನಗೂ ಸೇರ್ತದ,” ಅಂದಳು ಅತ್ತಿ. “ತಿನ್ನು.”

ಅವ್ವ ತಿಂದಳು.